ಒಂದು ರಿಂಗ್ ಅಂದರೆ ತಲುಪಿದೆ: ಮನೆಯ ಗಡಿಬಿಡಿಗೆ ಫೋನನ್ನು ಪಳಗಿಸುವುದು ಹೇಗೆ?

ಹೋದ ವರ್ಷ ಮಳೆಗಾಲದ ಒಂದು ಸಂಜೆ. ಮುಂಬೈ ಹೊರವಲಯದ ಡೊಂಬಿವಲಿಯಲ್ಲಿ ನಮ್ಮ ಮನೆಯಿಂದ ಹತ್ತು ನಿಮಿಷ ದೂರದ ಟ್ಯೂಷನ್ ಕ್ಲಾಸಿನ ಮೆಟ್ಟಿಲ ಮೇಲೆ ನನ್ನ ಮಗ ಮುಕ್ಕಾಲು ಗಂಟೆ ಕೂತಿದ್ದ. ಆರನೇ ಕ್ಲಾಸು. ಬ್ಯಾಗು ತೊಡೆಯ ಮೇಲೆ, ಒದ್ದೆ ಕೊಡೆ ಕಾಲ ಬಳಿ. ಕ್ಲಾಸಿನ ಟೀಚರ್ ಬೀಗ ಹಾಕಿ ಹೊರಡುವಾಗ ಅವನನ್ನು ನೋಡಿ ನನಗೆ ಫೋನ್ ಮಾಡಿದರು. ನನ್ನ ಲೋಕಲ್ ಟ್ರೇನ್ ಇನ್ನೂ ಮುಲುಂಡ್ ದಾಟಿರಲಿಲ್ಲ.

ಆಗಿದ್ದು ಇಷ್ಟೇ. 'ಇವತ್ತು ನನಗೆ ತಡ, ಅವನನ್ನು ನೀವೇ ಕರ್ಕೊಂಡು ಬನ್ನಿ' ಅಂತ ನಾನು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ನಮ್ಮ ಮನೆಯಲ್ಲಿ ನನಗೆ 'ನೀವು' ಅಂದರೆ ಇಬ್ಬರು: ಗಂಡ ಮತ್ತು ಅತ್ತೆ. ಗಂಡ ಅದು ಅಮ್ಮನಿಗೆ ಹೇಳಿದ್ದು ಅಂದುಕೊಂಡರು. ಅತ್ತೆ ಅದು ತಮ್ಮ ಮಗನಿಗೆ ಹೇಳಿದ್ದು ಅಂದುಕೊಂಡರು. ಇಬ್ಬರೂ ಓದಿದ್ದರು, ನೀಲಿ ಟಿಕ್ ಬಂದಿತ್ತು, ನಾನು ನಿಶ್ಚಿಂತೆಯಿಂದ ಕೂತಿದ್ದೆ. ಅವತ್ತು ಮನೆಗೆ ಹಾಲು ಮಾತ್ರ ಎರಡು ಕಡೆಯಿಂದ ಬಂದಿತ್ತು.

ಐದು ಜನರ ಮನೆಯಲ್ಲಿ ನಾಲ್ಕು ಸ್ಮಾರ್ಟ್‌ಫೋನ್ ಇದ್ದೂ ಈ ಕಥೆ. ರಾತ್ರಿ ಊಟಕ್ಕೆ ಕೂತಾಗ ಅತ್ತೆ ಹೇಳಿದರು: "ನಿಮ್ಮ ಮಾವ ಇರುವಾಗ ಮನೆ ಫೋನಿಗೆ ಒಂದು ರಿಂಗ್ ಬಂದು ಕಟ್ಟಾದರೆ ತಲುಪಿದೆ ಅಂತ. ಎರಡು ರಿಂಗ್ ಅಂದರೆ ಟ್ರೇನ್ ತಡ. ಮಾತೇ ಇಲ್ಲ, ದುಡ್ಡೂ ಇಲ್ಲ." ಅದು ಮೊಬೈಲ್ ಮಾತು ದುಬಾರಿಯಾಗಿದ್ದ ಕಾಲ. 2003ರವರೆಗೆ ಮೊಬೈಲಿಗೆ ಬಂದ ಕರೆಗೂ ನಾವೇ ದುಡ್ಡು ತೆರಬೇಕಿತ್ತು, ನೆನಪಿದೆ ಅಲ್ವಾ? ಮಾವನ ಫೋನಿನಲ್ಲಿ ಏನೂ ಇರಲಿಲ್ಲ. ಆದರೆ ರಿಂಗಿಗೆ ಏನು ಅರ್ಥ ಅಂತ ಮೊದಲೇ ಮಾತಾಗಿತ್ತು. ನಮ್ಮ ಫೋನಿನಲ್ಲಿ ಎಲ್ಲ ಇದೆ, ಮಾತಾಗಿಲ್ಲ.

ಆಮೇಲೆ ಒಂದೊಂದಾಗಿ ಸರಿಮಾಡಿಕೊಂಡ ಕ್ರಮ ಇಲ್ಲಿದೆ. ಗಂಡ ಹೆಂಡತಿ ಇಬ್ಬರೂ ದಿನಕ್ಕೆ ಮೂರು ಗಂಟೆ ಲೋಕಲ್ಲಿನಲ್ಲಿ ಕಳೆಯುವ ಯಾವ ಮನೆಗೂ ಇದು ಹೊಂದುತ್ತದೆ.

1. ಮೊದಲು ಫೋನ್ ಕೆಳಗಿಡಿ

ಒಂದು ಭಾನುವಾರ, ಹಳಿ ರಿಪೇರಿಗೆ ಲೋಕಲ್ ನಿಲ್ಲಿಸುವ ಮೆಗಾಬ್ಲಾಕ್ ಇರುವ ದಿನವೇ ಒಳ್ಳೆಯದು, ಯಾರೂ ಎಲ್ಲಿಗೂ ಹೋಗುವುದಿಲ್ಲ. ಎಲ್ಲರೂ ಒಂದು ಹಾಳೆ ಪೇಪರ್ ಹಿಡಿದು ಕೂತುಕೊಳ್ಳಿ. ಸೋಮವಾರದಿಂದ ಶನಿವಾರದವರೆಗೆ ಯಾರು ಎಷ್ಟು ಹೊತ್ತಿಗೆ ಎಲ್ಲಿರುತ್ತಾರೆ ಅಂತ ಬರೆಯಿರಿ. ಯಾರ ಫೋನ್ ಎಷ್ಟು ಹೊತ್ತಿಗೆ ಸತ್ತಿರುತ್ತದೆ ಅನ್ನುವುದನ್ನೂ ಬರೆಯಿರಿ. ನಮ್ಮವರು ಘಾಟ್ಕೋಪರ್‌ನಲ್ಲಿ ಲೋಕಲ್ ಇಳಿದು ಮೆಟ್ರೊ ಹಿಡಿದು ಅಂಧೇರಿಗೆ ಹೋಗುವವರು. ಆ ಗರ್ದಿಯಲ್ಲಿ ಜೇಬಿಗೆ ಕೈ ಹಾಕಲೂ ಆಗುವುದಿಲ್ಲ. ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ ಅವರಿಗೆ ಫೋನ್ ಮಾಡಿ ಪ್ರಯೋಜನ ಇಲ್ಲ. ಇದು ಹತ್ತು ವರ್ಷದಿಂದ ಗೊತ್ತಿದ್ದ ವಿಷಯ. ಆದರೂ ದಿನಾ ಅದೇ ಹೊತ್ತಿಗೆ ಫೋನ್ ಮಾಡಿ ದಿನಾ ಸಿಟ್ಟಾಗುತ್ತಿದ್ದೆ.

ಆಮೇಲೆ ಮೂರು ತೀರ್ಮಾನ ಮಾಡಿ.

ಇವತ್ತೇ ಆಗಬೇಕಾದ ಕೆಲಸಕ್ಕೆ ಕಾಲ್. ಎತ್ತದಿದ್ದರೆ ಕೂಡಲೇ ಇನ್ನೊಂದು ಸಲ. ಬೆನ್ನುಬೆನ್ನಿಗೆ ಎರಡು ಕಾಲ್ ಬಂದರೆ ಮೀಟಿಂಗಿನಲ್ಲಿದ್ದರೂ ಎತ್ತಬೇಕು ಅಂತ ನಮ್ಮ ಮನೆಯ ಕಾನೂನು. ಫೋನನ್ನು 'ಡು ನಾಟ್ ಡಿಸ್ಟರ್ಬ್'ನಲ್ಲಿ ಇಡುವವರು ಅದರ ಸೆಟ್ಟಿಂಗ್ಸ್ ತೆರೆದು 'ರಿಪೀಟ್ ಕಾಲರ್ಸ್' ಆನ್ ಮಾಡಿಡಿ. ಒಬ್ಬರೇ ಬೇಗಬೇಗನೆ ಎರಡು ಸಲ ಮಾಡಿದರೆ ಎರಡನೆಯದು ಸದ್ದು ಮಾಡುತ್ತದೆ.

ಇವತ್ತು ಆಗದಿದ್ದರೂ ನಡೆಯುತ್ತದೆ ಅನ್ನುವುದಕ್ಕೆ ಮೆಸೇಜ್. ಇದಕ್ಕೆ ಹೆಸರು ಬೇಕೇ ಬೇಕು. 'ನೀವು', 'ಯಾರಾದರೂ' ಇವೆರಡನ್ನು ನಾವು ಗ್ರೂಪಿನಿಂದ ಓಡಿಸಿದ್ದೇವೆ. ಹೆಸರಿಗೆ ಮೊದಲು ಆ್ಯಟ್ ಚಿಹ್ನೆ ಹಾಕಿ ಕರೆದರೆ ಗ್ರೂಪ್ ಮ್ಯೂಟ್ ಆಗಿದ್ದರೂ ಆ ವ್ಯಕ್ತಿಗೆ ಸೂಚನೆ ಹೋಗುತ್ತದೆ. ಕೆಲಸ ಒಪ್ಪಿಕೊಂಡವರು 'ಸರಿ' ಅಂತ ಬರೆಯಬೇಕು. ನೀಲಿ ಟಿಕ್ ಉತ್ತರ ಅಲ್ಲ. ಹೆಬ್ಬೆಟ್ಟಿನ ಚಿತ್ರವೂ ಅಲ್ಲ, ಅದು 'ಓದಿದೆ' ಅಂತಲೋ 'ಮಾಡ್ತೇನೆ' ಅಂತಲೋ ದೇವರಿಗೇ ಗೊತ್ತು. 'ಸರಿ' ಬಂದಿಲ್ಲ ಅಂದರೆ ಕೆಲಸ ಇನ್ನೂ ನಿಮ್ಮ ತಲೆಯ ಮೇಲೇ ಇದೆ.

ದಿನಾಂಕ ಇರುವುದೆಲ್ಲ ಕ್ಯಾಲೆಂಡರಿಗೆ. ಅದರ ಮಾತು ಮುಂದೆ ಬರುತ್ತದೆ.

2. ಗ್ರೂಪಿನ ಕಸ ಗುಡಿಸಿ

ನಾನು ಒಂದು ದಿನ ಎಣಿಸಿದೆ. ಶಾಲೆಯದು ಎರಡು, ಟ್ಯೂಷನ್ ಒಂದು, ಸೊಸೈಟಿ ಒಂದು, ಊರಿನ ದೇವಸ್ಥಾನದ್ದು, ಕನ್ನಡ ಸಂಘದ್ದು, ಗಂಡನ ಕಡೆಯ ಕುಟುಂಬದ್ದು, ನನ್ನ ಕಡೆಯದು, ಆಫೀಸಿನದು ಮೂರು. ಇದರ ನಡುವೆ 'ನಾಳೆ ಪಿಟಿ ಡ್ರೆಸ್ ಹಾಕಿ ಕಳಿಸಿ' ಅನ್ನುವುದನ್ನು ಹುಡುಕಬೇಕು.

ಮನೆಯಲ್ಲಿ ಇರುವವರದ್ದೇ ಒಂದು ಪುಟ್ಟ ಗ್ರೂಪ್ ಮಾಡಿ. ನಾದಿನಿ, ಭಾವ, ಚಿಕ್ಕಪ್ಪ ಯಾರೂ ಬೇಡ. ಅವರ ಮೇಲೆ ಪ್ರೀತಿ ಇದ್ದರೆ ಬೇರೆ ಗ್ರೂಪ್ ಇದೆಯಲ್ಲ. ಈ ಗ್ರೂಪನ್ನು ಎಲ್ಲಕ್ಕಿಂತ ಮೇಲೆ ಪಿನ್ ಮಾಡಿ, ಅದಕ್ಕೊಂದು ಬೇರೆಯದೇ ಸದ್ದು ಇಡಿ. ಗುಡ್ ಮಾರ್ನಿಂಗ್ ಹೂವು ಇಲ್ಲಿಗೆ ಬರಬಾರದು. ಉಳಿದ ಎಲ್ಲ ಗ್ರೂಪ್ ಮ್ಯೂಟ್ ಮಾಡಿ. ಶಾಲೆಯ ಗ್ರೂಪ್ ಮಾತ್ರ ರಾತ್ರಿ ಒಂಬತ್ತಕ್ಕೆ ಒಮ್ಮೆ ಕೂತು ಓದುವುದು. ಆ ಕೆಲಸ ವಾರಕ್ಕೊಬ್ಬರದು. ನಮ್ಮಲ್ಲಿ ಈ ವಾರ ಗಂಡನ ಸರದಿ, ಹಾಗಾಗಿ ಪಿಟಿ ಡ್ರೆಸ್ ತಪ್ಪಿದರೆ ನನ್ನನ್ನು ಕೇಳಬೇಡಿ.

ಗ್ರೂಪಿನ ಒಳಗೂ ಮೂರು ಮೆಸೇಜ್ ಪಿನ್ ಮಾಡಬಹುದು, 30 ದಿನದವರೆಗೆ ನಿಲ್ಲುತ್ತದೆ. ನಮ್ಮದರಲ್ಲಿ ಅತ್ತೆಯ ಮಾತ್ರೆಗಳ ಪಟ್ಟಿ ಇದೆ, ಗ್ಯಾಸ್ ಬುಕ್ ಮಾಡಿದ ದಿನ ಇದೆ, ಮನೆಗೆಲಸದ ಹೆಂಗಸಿನ ರಜೆ ಇದೆ.

3. ಕ್ಯಾಲೆಂಡರ್

ಗೂಗಲ್‌ನಲ್ಲಿ ಫ್ಯಾಮಿಲಿ ಗ್ರೂಪ್ ಮಾಡಿದರೆ ಮಾಡಿದವರೂ ಸೇರಿ ಆರು ಜನರವರೆಗೆ ಇರಬಹುದು. ಮಾಡಿದ ಕೂಡಲೇ ಗೂಗಲ್ ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಕಾಣುವ ಒಂದು ಫ್ಯಾಮಿಲಿ ಕ್ಯಾಲೆಂಡರ್ ತಾನೇ ಹುಟ್ಟುತ್ತದೆ. ಒಬ್ಬರು ಬರೆದರೆ ಎಲ್ಲರ ಫೋನಿನಲ್ಲೂ ಬರುತ್ತದೆ. ಬರೆಯುವಾಗ ಮೊದಲು ಹೆಸರು, ಆಮೇಲೆ ಕೆಲಸ: 'ಅಪ್ಪ: ಅಜ್ಜಿಯ ಕಣ್ಣಿನ ಡಾಕ್ಟರ್'. ಹಿಂದಿನ ರಾತ್ರಿ ಒಂದು ಸೂಚನೆ, ಹೊರಡುವ ಒಂದು ಗಂಟೆ ಮೊದಲು ಇನ್ನೊಂದು. ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಅಂತ ಕೆಲವರು ಹೇಳುತ್ತಾರೆ. ಅದೆಲ್ಲ ಪುರುಸೊತ್ತು ಇರುವವರಿಗೆ.

ಇದರ ಉಪಯೋಗ ನಮಗೆ ಸರಿಯಾಗಿ ಗೊತ್ತಾಗಿದ್ದು ಊರಿನ ಟಿಕೆಟ್ ವಿಷಯದಲ್ಲಿ. ನಮ್ಮದು ಕುಂದಾಪುರದ ಕಡೆ. ಚೌತಿಗೆ ಹೋಗಬೇಕು ಅಂದರೆ ಕುರ್ಲಾ ಟರ್ಮಿನಸ್ಸಿನಿಂದ ಮತ್ಸ್ಯಗಂಧ. ಆ ಹೊತ್ತಿಗೆ ಕೊಂಕಣದವರೂ ಎಲ್ಲ ಊರಿಗೆ ಹೊರಟಿರುತ್ತಾರೆ. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಬೆಳಿಗ್ಗೆ 8 ಗಂಟೆಗೆ ತೆರೆಯುತ್ತದೆ. ನಾನು ಹಳೆಯ ಲೆಕ್ಕದಲ್ಲೇ ಇದ್ದು ಒಂದು ವರ್ಷ ವೇಟಿಂಗ್ ಲಿಸ್ಟಿನಲ್ಲಿ ಒದ್ದಾಡಿದೆ. ಈಗ ಹಬ್ಬದ ದಿನಾಂಕ ಗೊತ್ತಾದ ಕೂಡಲೇ ಹೊರಡುವ ದಿನದಿಂದ ಹಿಂದಕ್ಕೆ 60 ದಿನ ಎಣಿಸಿ ಕ್ಯಾಲೆಂಡರಿನಲ್ಲಿ ಹಾಕುವುದು. ಹೊರಡುವ ದಿನವನ್ನು ಎಣಿಸಬಾರದು. ಹಿಂದಿನ ರಾತ್ರಿಯ ಸೂಚನೆಗೆ ಎಲ್ಲರ ಹೆಸರು, ವಯಸ್ಸು ಬುಕಿಂಗ್ ಆ್ಯಪಿನ ಮಾಸ್ಟರ್ ಲಿಸ್ಟಿನಲ್ಲಿ ಇದೆಯಾ ನೋಡಿಕೊಳ್ಳುವುದು. 7.50ರ ಸೂಚನೆಗೆ ಲಾಗಿನ್. ವಾಪಸ್ ಬರುವ ಟಿಕೆಟ್ಟಿಗೆ ಬೇರೆ ನಮೂದು, ಅದನ್ನು ಮರೆಯುವವರೇ ಜಾಸ್ತಿ.

4. ಸಾಮಾನಿನ ಪಟ್ಟಿ

ಇದು ಸುಲಭ. ಗೂಗಲ್ ಕೀಪ್‌ನಲ್ಲಿ ಒಂದು ಪಟ್ಟಿ ಮಾಡಿ ಎಲ್ಲರಿಗೂ ಹಂಚಿ. ಬೇಳೆ ಮುಗಿದದ್ದು ಕಂಡವರು ಬರೆಯುವುದು, ತಂದವರು ಟಿಕ್ ಹಾಕುವುದು. ಹಾಲು ಎರಡೆರಡು ಸಲ ಬರುವುದು ಇದರಿಂದಲೇ ನಿಂತಿತು. ಅತ್ತೆಗೆ ಟೈಪ್ ಮಾಡುವುದು ಕಷ್ಟ. ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಹೇಳಿದರೆ ಬರೆದುಕೊಳ್ಳುತ್ತದೆ. ಅವರ ಕುಂದಗನ್ನಡ ಅದಕ್ಕೆ ಅರ್ಧ ತಿಳಿಯುತ್ತದೆ, ಉಳಿದರ್ಧ ನಾವು ಊಹಿಸುತ್ತೇವೆ.

5. ದಾರಿಯಲ್ಲಿ ಇರುವಾಗ

ಮುಂಬೈನಲ್ಲಿ 'ಎಲ್ಲಿದ್ದೀ?' ಅನ್ನುವುದು ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ. ಅದನ್ನು ಕೇಳದೆ ಉತ್ತರ ಸಿಗುವ ಹಾಗೆ ಮಾಡಬಹುದು.

ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ 15 ನಿಮಿಷಕ್ಕೆ, 1 ಗಂಟೆಗೆ ಅಥವಾ 8 ಗಂಟೆಗೆ ಹಂಚಿಕೊಳ್ಳಬಹುದು. ನಾನು ಸಿಎಸ್‌ಎಂಟಿ (ಹಳೆಯ ವಿ.ಟಿ.) ಸ್ಟೇಷನ್ನಿನಲ್ಲಿ ಹತ್ತಿದ ಕೂಡಲೇ ಒಂದು ಗಂಟೆಯದು ಹಾಕಿದರೆ ಡೊಂಬಿವಲಿ ಮುಟ್ಟುವ ಮೊದಲೇ ಮುಗಿದುಹೋಗುತ್ತದೆ. ಹಾಗಾಗಿ ದಾದರ್ ದಾಟಿದ ಮೇಲೆ ಹಾಕುತ್ತೇನೆ. ಥಾಣೆ ಬಂತು ಅಂತ ಕಂಡರೆ ಅತ್ತೆ ಕುಕ್ಕರ್ ಇಡುತ್ತಾರೆ. ಎಂಟು ಗಂಟೆಯದನ್ನು ನಾನು ಯಾರಿಗೂ ಹೇಳುವುದಿಲ್ಲ. ಇಡೀ ದಿನ ಒಬ್ಬರು ಇನ್ನೊಬ್ಬರ ಚುಕ್ಕೆ ನೋಡುತ್ತಾ ಕೂತರೆ ಸಂಸಾರ ಅಲ್ಲ, ಪೊಲೀಸ್ ಸ್ಟೇಷನ್.

ಟ್ರೇನ್ ವೇಳೆಗೆ ಎಂ-ಇಂಡಿಕೇಟರ್ ಆ್ಯಪ್ ಇಟ್ಟುಕೊಳ್ಳಿ. ಮುಂಬೈನವರಿಗೆ ಇದನ್ನು ಹೇಳುವುದೇ ಬೇಡ, ಆದರೆ ಊರಿನಿಂದ ಹೊಸದಾಗಿ ಬಂದವರಿಗೆ ಹೇಳುತ್ತಿದ್ದೇನೆ. ನೆಟ್ ಇಲ್ಲದಿದ್ದರೂ ವೇಳಾಪಟ್ಟಿ ಸಿಗುತ್ತದೆ. ಟಿಕೆಟ್ಟಿಗೆ ರೈಲ್ವೆಯ ರೈಲ್‌ಒನ್ ಆ್ಯಪ್ ಇದೆ, 2025ರ ಜುಲೈನಲ್ಲಿ ಬಂದದ್ದು. ಕಾಗದವಿಲ್ಲದ ಲೋಕಲ್ ಟಿಕೆಟ್ಟನ್ನು ಸ್ಟೇಷನ್ ಒಳಗೆ ನಿಂತು ತೆಗೆಯಲು ಬಿಡುವುದಿಲ್ಲ, ಹೊರಗಿರುವಾಗಲೇ ತೆಗೆದುಕೊಳ್ಳಿ. ಅದನ್ನು ಟಿಸಿಗೆ ಆ್ಯಪಿನಲ್ಲೇ ತೋರಿಸಬೇಕು, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಬ್ಯಾಟರಿ ಸತ್ತರೆ ಟಿಕೆಟ್ಟೂ ಸತ್ತಂತೆ. ಪಾಸ್ ಫೋನಿನಲ್ಲಿ ಇರುವವರ ಬ್ಯಾಗಿನಲ್ಲಿ ಪವರ್ ಬ್ಯಾಂಕ್ ಇರಲೇಬೇಕು.

ಇನ್ನೊಂದು. ಬಾಗಿಲ ಬಳಿ ನಿಂತಾಗ ಫೋನ್ ತೆಗೆಯಬೇಡಿ. ಹಳಿ ಪಕ್ಕದಲ್ಲಿ ನಿಂತು ಕೋಲಿನಿಂದ ಕೈಗೆ ಹೊಡೆದು ಫೋನ್ ಬೀಳಿಸುವವರಿಗೆ ಇಲ್ಲಿ 'ಫಟ್ಕಾ ಗ್ಯಾಂಗ್' ಅಂತಲೇ ಹೆಸರು. ಹೋದ ಫೋನಿನ ಹಿಂದೆ ಹಾರಿದವರೂ ಇದ್ದಾರೆ. 'ತಲುಪಿದೆ' ಅನ್ನುವ ಮೆಸೇಜ್ ಇಳಿದ ಮೇಲೆ, ಪ್ಲಾಟ್‌ಫಾರ್ಮಿನಲ್ಲಿ.

6. ಮನೆಯಲ್ಲಿ ಹಿರಿಯರಿದ್ದರೆ

ನಮ್ಮ ಅತ್ತೆಗೆ ಎಪ್ಪತ್ತನಾಲ್ಕು. ಹಗಲು ಹೊತ್ತು ಮನೆಯಲ್ಲಿ ಅವರೊಬ್ಬರೇ. ಅವರ ಫೋನನ್ನು ಅವರಿಗೆ ಬೇಕಾದ ಹಾಗೆ ಮಾಡಿಕೊಡುವುದಕ್ಕೆ ಒಂದು ಮಧ್ಯಾಹ್ನ ತೆಗೆದಿಡಿ. ಅಕ್ಷರ ದೊಡ್ಡದು ಮಾಡಿ. ಮೊದಲ ಪರದೆಯಲ್ಲಿ ನಾಲ್ಕು ಮುಖ ಸಾಕು: ಮಗ, ಸೊಸೆ, ಪಕ್ಕದ ಮನೆಯವರು, ಡಾಕ್ಟರು. ಮುಖ ಒತ್ತಿದರೆ ಕಾಲ್ ಹೋಗಬೇಕು. ಬೇರೆ ಆ್ಯಪ್ ಎಲ್ಲ ಹಿಂದಿನ ಪರದೆಗೆ.

ಮಾತ್ರೆಗೆ ಅಲಾರಾಂ ಇಡಿ. ಅಲಾರಾಮಿಗೆ ಹೆಸರು ಕೊಡಲು ಜಾಗ ಇರುತ್ತದೆ, ಅಲ್ಲಿ 'ಬಿಪಿ ಮಾತ್ರೆ, ತಿಂಡಿ ಆದಮೇಲೆ' ಅಂತ ಕನ್ನಡದಲ್ಲೇ ಬರೆಯಿರಿ. ಮಾತ್ರೆಯ ಸ್ಟ್ರಿಪ್‌ನ ಹೆಸರು ಕಾಣುವ ಕಡೆಯ ಫೋಟೊ ಗ್ರೂಪಿನಲ್ಲಿರಲಿ. ಫೋರ್ಟ್ ಬಡಾವಣೆಯ ಮೆಡಿಕಲ್ ಶಾಪಿನಲ್ಲಿ ನಿಂತು 'ಅದೇ, ಗುಲಾಬಿ ಬಣ್ಣದ್ದು' ಅಂತ ಹೇಳಿ ನಾನು ಒಮ್ಮೆ ನಗೆಪಾಟಲಾಗಿದ್ದೇನೆ.

ದುಡ್ಡಿನ ವಿಷಯಕ್ಕೆ ನನಗೆ ತುಂಬ ಹಿಡಿಸಿದ್ದು ಯುಪಿಐ ಸರ್ಕಲ್. ನಮ್ಮ ಖಾತೆಯಿಂದ ಮನೆಯ ಇನ್ನೊಬ್ಬರು ದುಡ್ಡು ಕೊಡುವ ಏರ್ಪಾಡು ಇದು, 2024ರಲ್ಲಿ ಬಂತು. ಎರಡು ಬಗೆ ಇದೆ. ಒಂದರಲ್ಲಿ ಪ್ರತಿ ಸಲವೂ ನಾವು ಪಿನ್ ಹಾಕಿ ಒಪ್ಪಬೇಕು. ಇನ್ನೊಂದರಲ್ಲಿ ತಿಂಗಳಿಗೆ ಇಷ್ಟು ಅಂತ ಮಿತಿ ಹಾಕಿ ಬಿಟ್ಟುಬಿಡಬಹುದು, ಜಾಸ್ತಿ ಅಂದರೆ 15,000 ರೂಪಾಯಿ. ನಾನು ಮೊದಲು ಜಾಣತನ ಅಂತ ಮೊದಲನೆಯದನ್ನೇ ಆರಿಸಿದೆ. ಆಮೇಲೆ ನೋಡಿದರೆ ಕುರ್ಲಾದ ಗರ್ದಿಯಲ್ಲಿ ಒಂದು ಕೈಯಲ್ಲಿ ಹಿಡಿ ಹಿಡಿದು ನೇತಾಡುವಾಗ ಫೋನ್ ಗುಂಯ್ ಅನ್ನುತ್ತದೆ: ಸೊಪ್ಪಿನವನಿಗೆ 20 ರೂಪಾಯಿ, ಒಪ್ಪುತ್ತೀರಾ? ಅತ್ತ ಅತ್ತೆ ಮೆಂತ್ಯ ಸೊಪ್ಪು ಹಿಡಿದು ಕೆಳಗೆ ನಿಂತಿದ್ದಾರೆ, ಸೊಪ್ಪಿನವನು ಮುಂದಿನ ಬಿಲ್ಡಿಂಗಿಗೆ ಹೊರಟಿದ್ದಾನೆ. ಎರಡೇ ವಾರಕ್ಕೆ ತಿಂಗಳಿಗೆ 3,000 ಅಂತ ಮಿತಿ ಹಾಕಿ ಬಿಟ್ಟೆ. ಅವರಿಗೂ ಕೇಳಿ ಕೇಳಿ ಖರ್ಚು ಮಾಡುವ ಮುಜುಗರ ತಪ್ಪಿತು.

ಇನ್ನು ಮೋಸದ ಕಾಲ್. 'ನಿಮ್ಮ ಮೊಮ್ಮಗ ಆಸ್ಪತ್ರೆಯಲ್ಲಿದ್ದಾನೆ', 'ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ'. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲೇ ಇಲ್ಲ ಅಂತ ಮನೆಯ ಹಿರಿಯರಿಗೆ ಹತ್ತು ಸಲ ಹೇಳಿ. ಮನೆಗೊಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ನಮ್ಮವರ ಧ್ವನಿಯಲ್ಲೇ ಯಾರೋ ದುಡ್ಡು ಕೇಳಿದರೂ ಆ ಮಾತು ಹೇಳದೆ ಕೊಡುವ ಹಾಗಿಲ್ಲ. ನಮ್ಮದು ಊರಿನ ಹಟ್ಟಿಯಲ್ಲಿದ್ದ ಒಂದು ದನದ ಹೆಸರು. ಆರಿಸಿದ್ದು ಅತ್ತೆಯೇ. ಅದನ್ನು ಇಲ್ಲಿ ಬರೆದರೆ ಇಷ್ಟು ಹೇಳಿದ್ದು ದಂಡ. ದುಡ್ಡು ಹೋಗಿಯೇಬಿಟ್ಟರೆ ತಡಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಆ ದುಡ್ಡನ್ನು ನಡುವೆ ತಡೆಹಿಡಿಯುವ ಸಾಧ್ಯತೆ ಜಾಸ್ತಿ.

7. ಮಕ್ಕಳು

ಮಗನಿಗೆ ಫೋನ್ ಕೊಟ್ಟಿಲ್ಲ. ಟ್ಯೂಷನ್ ಮೆಟ್ಟಿಲಿನ ಘಟನೆ ಆದಮೇಲೆ ಕೊಡೋಣ ಅಂತ ಗಂಡ ಹೇಳಿದರು, ಮಗ ಅವರಿಗಿಂತ ಜೋರಾಗಿ ಹೇಳಿದ. ಅದರ ಬದಲು ಎರಡು ನಂಬರ್ ಬಾಯಿಪಾಠ ಮಾಡಿಸಿದೆವು. ನಂಬಿ, ಅವನಿಗೆ ಅಲ್ಲಿವರೆಗೆ ಒಂದೂ ಬರುತ್ತಿರಲಿಲ್ಲ. ನನಗೇ ಗಂಡನ ನಂಬರ್ ಪೂರ್ತಿ ಬರುತ್ತಿರಲಿಲ್ಲ ಅನ್ನುವುದು ಆಗ ಗೊತ್ತಾಯಿತು. ಬ್ಯಾಗಿನ ಒಳಗೆ ಒಂದು ಲ್ಯಾಮಿನೇಟ್ ಮಾಡಿದ ಚೀಟಿಯೂ ಇದೆ. ಟ್ಯೂಷನ್ ಟೀಚರಿಗೆ 'ಹತ್ತು ನಿಮಿಷ ಮೀರಿದರೆ ದಯವಿಟ್ಟು ಕಾಲ್ ಮಾಡಿ' ಅಂತ ಹೇಳಿಟ್ಟಿದ್ದೇವೆ.

ಮಗಳು ಹತ್ತನೇ ಕ್ಲಾಸು, ಅವಳಿಗೆ ಫೋನ್ ಇದೆ. ಗೂಗಲ್ ಫ್ಯಾಮಿಲಿ ಲಿಂಕ್‌ನಲ್ಲಿ ದಿನಕ್ಕೆ ಇಷ್ಟು ಹೊತ್ತು, ರಾತ್ರಿ ಇಷ್ಟಕ್ಕೆ ಬಂದ್ ಅಂತ ಹಾಕಬಹುದು. ಹಾಕಿದ್ದೇವೆ. ಆದರೆ ಜಗಳ ಕಡಿಮೆ ಮಾಡಿದ್ದು ಆ ಆ್ಯಪ್ ಅಲ್ಲ, ಹಾಲ್‌ನಲ್ಲಿರುವ ಚಾರ್ಜಿಂಗ್ ಬೋರ್ಡ್. ರಾತ್ರಿ ಹತ್ತೂವರೆಗೆ ಎಲ್ಲರ ಫೋನೂ ಅಲ್ಲೇ ಮಲಗಬೇಕು, ನಮ್ಮದೂ.

8. ಎಲ್ಲ ಕೈಕೊಟ್ಟ ದಿನಕ್ಕೆ

2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ಲೋಕಲ್ ನಿಂತವು, ಮೊಬೈಲ್ ಜಾಲ ಕೈಕೊಟ್ಟಿತು, ಜನ ಸೊಂಟದವರೆಗಿನ ನೀರಿನಲ್ಲಿ ನಡೆದು ಮನೆ ಸೇರಿದರು. ಮಾವ ಮನೆಗೆ ಬಂದದ್ದು ಮರುದಿನ ಮಧ್ಯಾಹ್ನ. ಅಂಥ ದಿನ ಮತ್ತೆ ಬರದಿರಲಿ. ಆದರೆ ಪ್ರತಿ ಜುಲೈನಲ್ಲೂ ಅದರ ಸಣ್ಣ ತಮ್ಮ ಒಬ್ಬ ಬಂದೇ ಬರುತ್ತಾನೆ.

ಅವತ್ತಿಗೆ ಇದಿಷ್ಟು ಮಾಡಿಟ್ಟುಕೊಳ್ಳಿ. ಊರಿನಲ್ಲಿರುವ ಒಬ್ಬರನ್ನು ಗೊತ್ತುಮಾಡಿ. ನಮಗೆ ಕುಂದಾಪುರದ ಅಕ್ಕ. ಮುಂಬೈ ಒಳಗೆ ಒಬ್ಬರಿಗೊಬ್ಬರು ಸಿಗದಿದ್ದರೆ ಎಲ್ಲರೂ ಅವರಿಗೆ ಎಸ್ಸೆಮ್ಮೆಸ್ ಹಾಕುವುದು, ಅವರು ಉಳಿದವರಿಗೆ ತಿಳಿಸುವುದು. ಕಾಲ್ ಹೋಗದ ಹೊತ್ತಿನಲ್ಲೂ ಸಾದಾ ಎಸ್ಸೆಮ್ಮೆಸ್ ನುಸುಳಿ ಹೋಗುವುದುಂಟು. ಎಲ್ಲಿ ನಿಲ್ಲುವುದು ಅಂತಲೂ ಮೊದಲೇ ಮಾತಾಡಿ. ದಾದರ್ ಆಸುಪಾಸಿನಲ್ಲಿ ಸಿಕ್ಕಿಬಿದ್ದವರು ಮಾಟುಂಗದ ಚಿಕ್ಕಮ್ಮನ ಮನೆಗೆ, ಥಾಣೆ ದಾಟಿದವರು ಹೇಗಾದರೂ ಮನೆಗೆ. ಮ್ಯಾಪನ್ನು ಆಫ್‌ಲೈನ್ ಇಳಿಸಿಡಿ. ತುರ್ತಿಗೆ 112. ಹಲವು ಆ್ಯಂಡ್ರಾಯ್ಡ್ ಫೋನಿನಲ್ಲಿ ಪವರ್ ಬಟನ್ ಐದು ಸಲ ಒತ್ತಿದರೆ ತುರ್ತು ಕರೆ ಹೋಗುವ ಹಾಗೆ ಸೆಟ್ ಮಾಡಬಹುದು, ಮಾಡಿ. ರಕ್ತದ ಗುಂಪು ಮತ್ತು ಒಬ್ಬರ ನಂಬರ್ ಲಾಕ್ ಸ್ಕ್ರೀನಿನಿಂದಲೇ ಕಾಣುವ ಹಾಗಿರಲಿ.

ಫೋನೇ ಕಳೆದರೆ? ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದರೆ ಫೋನಿನ ಐಎಂಇಐ ನಂಬರ್, ಅಂದರೆ ಅದರ ಗುರುತಿನ ಸಂಖ್ಯೆ ಬರುತ್ತದೆ. ಮನೆಯ ಎಲ್ಲ ಫೋನಿನದೂ ಒಂದು ಕಾಗದದಲ್ಲಿ ಬರೆದು ರೇಷನ್ ಕಾರ್ಡಿನ ಜೊತೆ ಇಡಿ. ಪೊಲೀಸರಿಗೆ ದೂರು ಕೊಟ್ಟು, ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಆ ನಂಬರ್ ಹಾಕಿ ಫೋನನ್ನು ಬ್ಲಾಕ್ ಮಾಡಿಸಬಹುದು.

9. ಒಂದು ವಾರ ನಡೆಸಿ ನೋಡಿ, ಆಮೇಲೆ ಬೈದುಕೊಳ್ಳಿ

ಇದೆಲ್ಲ ಒಂದೇ ದಿನ ಮಾಡಬೇಡಿ. ಮೊದಲ ವಾರ ಹೆಸರು ಮತ್ತು 'ಸರಿ' ಮಾತ್ರ. ಅದು ಒಗ್ಗಿದ ಮೇಲೆ ಕ್ಯಾಲೆಂಡರ್. ನಮ್ಮಲ್ಲಿ ಊಟಕ್ಕೆ ಕೂತಾಗ ಫೋನ್ ಡಬ್ಬಿಗೆ ಹಾಕಬೇಕು ಅನ್ನುವ ನಿಯಮ ನಾಲ್ಕೇ ದಿನಕ್ಕೆ ಮುರಿದುಬಿತ್ತು, ಮುರಿದವಳು ನಾನೇ. ಬಿಟ್ಟುಬಿಟ್ಟೆವು. ನಡೆಯದ್ದನ್ನು ಇಟ್ಟುಕೊಂಡರೆ ನಡೆಯುವುದಕ್ಕೂ ಮರ್ಯಾದೆ ಹೋಗುತ್ತದೆ.

ಅತ್ತೆಯ ಹಳೆಯ ರಿಂಗನ್ನು ಮಾತ್ರ ವಾಪಸ್ ತಂದೆವು. ಮಗನನ್ನು ಟ್ಯೂಷನ್‌ನಿಂದ ಯಾರೇ ಕರೆತರಲಿ, ಅವನು ಮನೆ ಹೊಕ್ಕ ಕೂಡಲೇ ಅತ್ತೆ ನನಗೆ ಒಂದು ರಿಂಗ್ ಕೊಟ್ಟು ಕಟ್ ಮಾಡುತ್ತಾರೆ. ಆ ಹೊತ್ತಿಗೆ ನಾನು ಸಾಮಾನ್ಯವಾಗಿ ಥಾಣೆ ಮತ್ತು ಡೊಂಬಿವಲಿಯ ನಡುವೆ ಎಲ್ಲೋ ಇರುತ್ತೇನೆ, ಬ್ಯಾಗು ಎದೆಗೊತ್ತಿಕೊಂಡು, ನಾಲ್ಕು ಜನರ ಮೊಣಕೈ ನಡುವೆ. ಬ್ಯಾಗಿನೊಳಗೆ ಫೋನ್ ಒಂದು ಸಲ ಗುಂಯ್ ಅಂದು ಸುಮ್ಮನಾಗುತ್ತದೆ. ತೆಗೆದು ನೋಡುವುದಿಲ್ಲ.